ಸೂಜಿಗಳಿಲ್ಲದ ಬೆಸುಗೆ

೨೦೦೬ರ ಫೆಬ್ರವರಿ ೨೭, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಪ್ರೊಫೆಸರ್ ಷಾವ್ ಅವರ ಕೋಣೆಯ ಬೀಗ ತೆಗೆದು ಒಳಗೆ ಬಂದ ನಿಂಗ್ ಕೈದೊಂಗ್ ದೀಪ ಹಾಕಲಿಲ್ಲ. ಮೇಜಿನ ಮೇಲಿದ್ದ ಗಾಜಿನ ಚಹಾ ಬಾಟಲಿಯನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಅಡಿಯಲ್ಲಿದ್ದ ಅಂಗೈಯಗಲದ ಬೂದು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ತಟ್ಟೆಯ ನಡುವೆ ಹಾದುಹೋದ ಬೆಸುಗೆಯ ಗೆರೆಯ ಮೇಲೆ, ನಿನ್ನೆಯಷ್ಟೇ ಒರೆಸಿದ ಜಾಗದಲ್ಲಿ, ಮತ್ತೆ ಬೆಳ್ಳಗೆ ಬೂಷ್ಟಿನಂಥದು ಎದ್ದಿತ್ತು. ಸ್ವೆಟರಿನ ತೋಳು ಎಳೆದು ಅದನ್ನು ತಿಕ್ಕಿ ತೆಗೆದ. ಆಮೇಲೆ ತೋಳನ್ನು ಮೂಸಿದ. ಕೆಟ್ಟ ಬೆಳ್ಳುಳ್ಳಿಯ ವಾಸನೆ, ಇದ್ದೂ ಇಲ್ಲದಷ್ಟು. ಅಥವಾ ಮೂಗೇ ಈಗ ಅಪರಾಧಿಯ ಮೂಗಾಗಿ, ಇಲ್ಲದ್ದನ್ನೂ ಹಿಡಿಯತೊಡಗಿದೆಯೋ ಏನೋ. ಮೂವತ್ತೆರಡು ವರ್ಷದ ಗಂಡಸು, ಪಿಎಚ್.ಡಿ.ಯ ಐದನೆಯ ವರ್ಷದಲ್ಲಿ, ಕತ್ತಲಲ್ಲಿ ನಿಂತು ಗುರುಗಳ ಚಹಾ ಬಾಟಲಿಯ ಅಡಿ ಒರೆಸುತ್ತಿದ್ದಾನೆ ಎಂಬುದನ್ನು ಅವನು ಮೂರನೆಯವನಂತೆ ನೋಡಿದ, ನಗು ಬಂತು, ನಗು ಬಂದದ್ದಕ್ಕೆ ನಾಚಿಕೆಯಾಯಿತು, ಹೆಂಡತಿಯ ತಾಯಿ ಹೆಣೆದುಕೊಟ್ಟ ಉಣ್ಣೆಯ ಒಳಚಲ್ಲಣ ತೊಡೆಯನ್ನು ಚುಚ್ಚತೊಡಗಿದ್ದರಿಂದ ನಾಚಿಕೆಯನ್ನು ಅರ್ಧಕ್ಕೇ ಬಿಟ್ಟು ಕೆರೆದುಕೊಂಡ.

ತಟ್ಟೆ ಬಾಟಲಿಯ ಅಡಿಗೆ ಬಂದದ್ದು ನವೆಂಬರಿನಲ್ಲಿ. ಅಲ್ಯೂಮಿನಿಯಂನೊಳಗೆ ಸಿಲಿಕಾನ್ ಕಾರ್ಬೈಡಿನ ಹರಳುಗಳನ್ನು, ಹಿಟ್ಟಿಗೆ ರವೆ ಕಲಸಿದ ಹಾಗೆ, ಕಲಸಿ ಮಾಡಿದ ಲೋಹ ಅದು. ಹಗುರ, ಗಟ್ಟಿ, ಆಕಾಶಕ್ಕೆ ಹೋಗುವ ಯಂತ್ರಗಳಿಗೆ ಹೇಳಿ ಮಾಡಿಸಿದಂಥದು. ಆದರೆ ಬೆಸುಗೆ ಎಂದರೆ ಮುಖ ತಿರುಗಿಸುವಂಥದು. ಲೇಸರ್ ಬಿದ್ದ ಕೂಡಲೇ ಹರಳುಗಳೇ ಮೊದಲು ಬೆಳಕನ್ನು ಕುಡಿದು ಕಾಯುತ್ತವೆ; ಕರಗಿದ ಅಲ್ಯೂಮಿನಿಯಂ ಅವನ್ನು ತಿನ್ನುತ್ತದೆ; ತಿಂದದ್ದು ಅಲ್ಯೂಮಿನಿಯಂ ಕಾರ್ಬೈಡಿನ ಸೂಜಿಗಳಾಗಿ ಬೆಸುಗೆಯ ತುಂಬ ಹರಡುತ್ತದೆ. ಸೂಜಿ ಇದ್ದಲ್ಲಿ ಬೆಸುಗೆ, ಇವತ್ತಲ್ಲದಿದ್ದರೆ ತೇವ ತಾಕಿದ ಮೇಲೆ, ಬಿಸ್ಕತ್ತು. ನಿಂಗ್ ಮಾಡಿದ್ದಿಷ್ಟು: ಎರಡು ತುಂಡುಗಳ ಸಂದಿಯಲ್ಲಿ ಸಿಲಿಕಾನ್ ಹೆಚ್ಚಿರುವ ಅಲ್ಯೂಮಿನಿಯಂನ ತೆಳುಹಾಳೆಯೊಂದನ್ನು ತುಂಬಿಟ್ಟು ಬೆಸೆದ. ಕರಗಿದ ಲೋಹಕ್ಕೆ ಮೊದಲೇ ಹೊಟ್ಟೆ ತುಂಬಿಸಿಬಿಟ್ಟರೆ ಹರಳಿನ ಮೇಲೆ ಕಣ್ಣು ಹಾಕಲಾರದು ಎಂಬ ಲೆಕ್ಕ. ಬೆಸುಗೆಯನ್ನು ಕೊಯ್ದು, ಪಾಲಿಶ್ ಮಾಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಒಂದೂ ಸೂಜಿ ಇಲ್ಲ. ಅಲ್ಲಲ್ಲಿ ಸಣ್ಣ ಗುಳಿಗಳಿದ್ದವು. ಗುಳಿಗಳು ಪಾಲಿಶ್ ಮಾಡುವಾಗ ಹರಳು ಕಿತ್ತುಬಂದ ಗುರುತುಗಳು ಎಂದು ಅವನೇ ವಿವರಿಸಿದ, ಎಲ್ಲರೂ ತಲೆದೂಗಿದರು. ಎಳೆತದ ಯಂತ್ರದಲ್ಲಿ ಹೊಸ ಬೆಸುಗೆ ೨೪೧ ಮೆಗಾಪಾಸ್ಕಲ್ ತಡೆಯಿತು. ಅವತ್ತು ಸಂಜೆಯ ಊಟದಲ್ಲಿ ಷಾವ್ ಮೇಷ್ಟ್ರು ತಮ್ಮ ಮದ್ಯದ ಲೋಟವನ್ನು ಶಿಷ್ಯನ ಲೋಟಕ್ಕೆ ತಾಕಿಸುವಾಗ ಅಂಚನ್ನು ಅವನ ಅಂಚಿಗಿಂತ ಒಂದು ಬೆರಳು ಕೆಳಗೆ ಹಿಡಿದರು. ಕಿರಿಯರು ಹಿರಿಯರಿಗೆ ಮಾಡಬೇಕಾದದ್ದನ್ನು ಅವರು ತಿರುಗಿಸಿ ಮಾಡಿದ್ದರು. ನಿಂಗ್ ಗಾಬರಿಯಿಂದ ಇನ್ನೂ ಕೆಳಗಿಳಿಸಿದ, ಅವರೂ ಇಳಿಸಿದರು, ಕೊನೆಗೆ ಇಬ್ಬರ ಲೋಟವೂ ಮೇಜಿಗೆ ಮುಟ್ಟಿ ಎಲ್ಲರೂ ನಕ್ಕರು. ಮರುದಿನ ತಟ್ಟೆ ಬಾಟಲಿಯ ಅಡಿಗೆ ಹೋಯಿತು. "ನಾನು ನಿವೃತ್ತನಾಗೋ ತನಕ ಇದರ ಮೇಲೇ ನನ್ನ ಚಹಾ," ಎಂದಿದ್ದರು. ನಿವೃತ್ತಿ ಜೂನ್‌ನಲ್ಲಿ.

ಇವತ್ತಿಗೆ ಹತ್ತು ದಿನದ ಹಿಂದೆ ಪಾಲಿಶ್ ಕೋಣೆಯ ನೀರಿನ ಕೊಳವೆ ಹೆಪ್ಪುಗಟ್ಟದೆ ಹೋಗಿದ್ದರೆ ಎಲ್ಲವೂ ನೆಟ್ಟಗಿರುತ್ತಿತ್ತು. ರಜೆಯಲ್ಲಿ ಯಾರೋ ಕಿಟಕಿ ತೆರೆದಿಟ್ಟು ಹೋಗಿದ್ದರು. ಹಾರ್ಬಿನ್‌ನ ಚಳಿ ಒಳಗೆ ಬಂದು ಕೊಳವೆಯನ್ನು ಸೀಳಿತ್ತು. ಬೆಸುಗೆಯ ಚಿತ್ರವೊಂದು ತುರ್ತಾಗಿ ಬೇಕಾಗಿದ್ದರಿಂದ ನಿಂಗ್ ಕೆಳಗಿನ ಯಂತ್ರದ ಮನೆಯಿಂದ ಒಂದು ಬಾಟಲಿ ಸೀಮೆಎಣ್ಣೆ ತಂದು, ನೀರಿನ ಬದಲು ಅದನ್ನೇ ಪಾಲಿಶ್ ಚಕ್ರಕ್ಕೆ ಹನಿಸಿದ. ಷಾವ್ ಅವರ ಪ್ರಯೋಗಾಲಯದಲ್ಲಿ ಸೀಮೆಎಣ್ಣೆ ನಿಷಿದ್ಧ. ಹರೆಯದಲ್ಲಿ ಅವರನ್ನು ಹಳ್ಳಿಗೆ ದುಡಿಯಲು ಕಳಿಸಿದ್ದ ವರ್ಷಗಳಲ್ಲಿ ದೀಪದ ಹೊಗೆ ನುಂಗಿ ನುಂಗಿ, ಆ ವಾಸನೆ ಬಂದರೆ ಅವರಿಗೆ ಈಗಲೂ ತಲೆನೋವು. ನೀರಿನಲ್ಲೇ ಪಾಲಿಶ್ ಆಗಬೇಕು ಎಂಬುದು ಸಾದಾ ಅಲ್ಯೂಮಿನಿಯಂ ಬೆಸೆಯುತ್ತಿದ್ದ ಕಾಲದಿಂದ ಬಂದ ನಿಯಮ. ಸಾದಾ ಅಲ್ಯೂಮಿನಿಯಂಗೆ ನೀರಿನಿಂದ ಏನೂ ಆಗುವುದಿಲ್ಲ. ಲೋಹ ಬದಲಾಯಿತು, ನಿಯಮ ಬದಲಾಗಲಿಲ್ಲ. ಬಾಗಿಲು ಹಾಕಿಕೊಂಡು ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟಾಗ ನಿಂಗ್‌ಗೆ ಕಂಡದ್ದು, ಗಾಳಿ ಬೀಸಿದ ಮರುದಿನ ಪೈನ್ ಮರದ ಬುಡದಲ್ಲಿ ಬಿದ್ದಿರುವಷ್ಟು ಸೂಜಿಗಳು. ಅಲ್ಯೂಮಿನಿಯಂ ಕಾರ್ಬೈಡ್ ನೀರು ಸೋಕಿದರೆ ಬಿಳಿ ಪುಡಿ ಬಿಟ್ಟು ಅನಿಲವಾಗಿ ಕರಗಿ ಹೋಗುತ್ತದೆ; ಆ ಅನಿಲಕ್ಕೆ ಕಲ್ಮಶ ಸೇರಿದರೆ ಕೆಟ್ಟ ಬೆಳ್ಳುಳ್ಳಿಯ ವಾಸನೆ. ಇದು ಅವನಿಗೆ ಗೊತ್ತಿತ್ತು. ಪದವಿಯ ಎರಡನೆಯ ವರ್ಷದ ಪರೀಕ್ಷೆಯಲ್ಲಿ ಈ ಸಮೀಕರಣ ಬರೆದು ಪೂರ್ತಿ ಅಂಕ ಪಡೆದಿದ್ದ. ಅಂದರೆ ನಾಲ್ಕು ವರ್ಷ ಅವನು ಸೂಜಿಗಳನ್ನು ನೀರಿನಲ್ಲಿ ತೊಳೆದು, ಅವುಗಳ ಗೋರಿಗಳನ್ನು ಗುಳಿ ಎಂದು ಕರೆದು, ಸೂಜಿ ಇಲ್ಲ ಎಂದು ಪ್ರಬಂಧ ಬರೆದಿದ್ದ.

ಇಷ್ಟೇ ಆಗಿದ್ದರೆ ಮೂರ್ಖತನ. ಮೂರ್ಖತನಕ್ಕೆ ಮನುಷ್ಯ ಒಗ್ಗಿಕೊಳ್ಳಬಹುದು. ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಪಕ್ಕದ ಕಪಾಟಿನಲ್ಲಿ ದೂ ಲಾನ್‌ಳ ತುಂಡುಗಳಿದ್ದವು. ದೂ ಲಾನ್ ಅದೇ ಗುರುವಿನ ಕಿರಿಯ ಶಿಷ್ಯೆ, ಅವನನ್ನು ಅಣ್ಣ ಎನ್ನುವವಳು. ಸಂದಿಯಲ್ಲಿ ಸಿಲಿಕಾನಿನ ಬದಲು ಟೈಟಾನಿಯಂ ಹಾಳೆ ಇಟ್ಟು ಬೆಸೆಯುತ್ತಿದ್ದಳು. ಅವಳ ಬೆಸುಗೆ ನೋಡಲು ಒರಟು, ಅವನದರಷ್ಟು ನಯವಲ್ಲ. ನೀರಿನ ಪಾಲಿಶ್‌ನಲ್ಲಿ ಇಬ್ಬರದೂ ಸೂಜಿ ಇಲ್ಲದಂತೆಯೇ ಕಂಡದ್ದರಿಂದ ಮೇಷ್ಟ್ರು ನಯವಾದದ್ದನ್ನು ಆರಿಸಿದ್ದರು. ಅವಳ ಒಂದು ತುಂಡನ್ನೂ ಕದ್ದು ಸೀಮೆಎಣ್ಣೆಯಲ್ಲಿ ಪಾಲಿಶ್ ಮಾಡಿದ. ಅದರಲ್ಲಿ ಸೂಜಿಯೂ ಇಲ್ಲ, ಗುಳಿಯೂ ಇಲ್ಲ. ಇಂಗಾಲವನ್ನೆಲ್ಲ ಟೈಟಾನಿಯಂ ತಾನೇ ಹಿಡಿದುಕೊಂಡು ಸಣ್ಣ ಬೂದು ಕಾಳುಗಳಾಗಿ ಸುಮ್ಮನೆ ಕೂತಿತ್ತು. ಆ ತುಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿ, ಹೆಂಡತಿ ಬಡಿಸಿದ ಕಡುಬನ್ನು ಎರಡು ಸಲ ಕೇಳಿ ಹಾಕಿಸಿಕೊಂಡು ತಿಂದ. ಹಸಿವಾಗಿತ್ತು, ನಿಜ. ಆದರೆ ಹಾಗೆ ಹಸಿವಾಗಬಾರದಿತ್ತು.

"ಅಣ್ಣಾ, ಕತ್ತಲಲ್ಲಿ ಏನ್ ಮಾಡ್ತಿದ್ದೀರಿ, ಮೇಷ್ಟ್ರ ಕುರ್ಚಿ ಅಳತೆ ತಗೊಳ್ತಿದ್ದೀರಾ?" ಬಾಗಿಲಲ್ಲಿ ದೂ ಲಾನ್ ನಿಂತಿದ್ದಳು. ಕನ್ನಡಕಕ್ಕೆ ಮಂಜು ಕಟ್ಟಿತ್ತು, ಕೈಯಲ್ಲಿ ಪೊರಕೆ.

"ಅತಿಥಿಗಳು ಬರ್ತಾರಲ್ಲ. ಮೇಜು ಒರೆಸ್ತಿದ್ದೆ."

"ನಿಮ್ಮ ತೋಳಿನಲ್ಲಾ?" ಅವಳು ಹತ್ತಿರ ಬಂದು ಗಾಳಿ ಮೂಸಿದಳು. "ಇನ್ನೊಂದು ಕೇಳ್ಬೇಕು ಅಂತಿದ್ದೆ. ಹೋದ ವಾರವೆಲ್ಲ ನಿಮ್ಮ ಕೋಟಿಂದ ಸೀಮೆಎಣ್ಣೆ ವಾಸನೆ ಬರ್ತಿತ್ತು. ಅತ್ತಿಗೆ ಮನೆಯಿಂದ ಆಚೆ ಹಾಕಿದ್ದಾರಾ? ಸ್ಟೌ ಹಚ್ಕೊಂಡು ಒಬ್ರೇ ಬೇಯಿಸ್ಕೊಳ್ತಿದ್ದೀರಾ?"

"ಯಂತ್ರದ ಮನೆಗೆ ಹೋಗಿದ್ದೆ."

"ಮೇಷ್ಟ್ರಿಗೆ ಹೇಳಿಬಿಡ್ತೀನಿ ನೋಡಿ. ಸುಮ್ನಿರ್ಬೇಕಾದ್ರೆ ಕೋಲಿಗೆ ಚುಚ್ಚಿದ ಸಕ್ಕರೆಪಾಕದ ಹಣ್ಣು ಒಂದು ಕೊಡಿಸ್ಬೇಕು."

ಅವನು ನಕ್ಕ. ಬೇಕಾದುದಕ್ಕಿಂತ ಜೋರಾಗಿ. ಅವಳು ಪೊರಕೆ ಹಿಡಿದು ಗುನುಗುತ್ತ ಗುಡಿಸತೊಡಗಿದಳು, ಅವನು ಅವಳ ಬೆನ್ನು ನೋಡುತ್ತ ನಿಂತ. ಇವಳಿಗೆ ಹೇಳಿಬಿಟ್ಟರೆ ಇವಳೇ ಮೇಷ್ಟ್ರಿಗೆ ಹೇಳುತ್ತಾಳೆ, ನಾನು ಹೇಳಿದಂತಾಗುವುದಿಲ್ಲ. ಆದರೆ ಇವಳು ಹೇಳಿದರೆ ತನ್ನ ಟೈಟಾನಿಯಂಗಾಗಿ ಹೇಳುತ್ತಿದ್ದಾಳೆ ಎನ್ನಿಸುತ್ತದೆ. ಹಾಗಾದರೆ ಅವಳ ಮರ್ಯಾದೆ ಉಳಿಸಲಿಕ್ಕಾಗಿಯೇ ನಾನು ಸುಮ್ಮನಿರುವುದು. ಈ ವಾದದ ಕೊನೆಗೆ ತಾನು ಸಜ್ಜನನಾಗಿಬಿಟ್ಟದ್ದನ್ನು ಕಂಡು ಅವನಿಗೇ ಅಸಹ್ಯವಾಯಿತು. ಹತ್ತು ದಿನಗಳಿಂದ ಅವನ ಎಲ್ಲ ವಾದಗಳೂ ಹೀಗೇ ಮುಗಿಯುತ್ತಿದ್ದವು. ಕೊನೆಯಲ್ಲಿ ಉಳಿದಿದ್ದ ಉಪಾಯ ಒಂದೇ: ಸಂಜೆಯ ಊಟ. ಇಲ್ಲಿ ಕಷ್ಟದ ಮಾತನ್ನು ಯಾರೂ ಖಾಲಿ ಹೊಟ್ಟೆಯಲ್ಲಿ ಎತ್ತುವುದಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಬಾತುಕೋಳಿ ಬೇಯಬೇಕು, ಮೊದಲ ಲೋಟಕ್ಕೆ ಹವೆಯ ಮಾತು, ಎರಡನೆಯದಕ್ಕೆ ಮಂಡಿನೋವಿನದು. ಮೂರನೆಯ ಲೋಟ ಇಳಿದ ಮೇಲೆ ಸಾಲ, ವಿಚ್ಛೇದನ, ಕ್ಷಮೆ ಏನನ್ನು ಬೇಕಾದರೂ ಮೇಜಿನ ಮೇಲೆ ಇಡಬಹುದು. ಅತಿಥಿಗಳ ಕಾರ್ಖಾನೆಯೊಡನೆ ಒಪ್ಪಂದಕ್ಕೆ ಸಹಿ ಬೀಳುವುದು ನಾಳೆ ಬೆಳಿಗ್ಗೆ. ಮೂರನೆಯ ಲೋಟದ ನಂತರ ಹೇಳುತ್ತೇನೆ. ಸಹಿಯಾಗಿಬಿಟ್ಟರೆ ದಕ್ಷಿಣದ ಕಾರ್ಖಾನೆಯವರು ಉಪಗ್ರಹದ ಕ್ಯಾಮೆರಾ ಹಿಡಿಯುವ ತೋಳನ್ನು ತನ್ನ ಹಾಳೆ ಹಾಕಿಯೇ ಬೆಸೆಯುತ್ತಾರೆ. ಆ ತೋಳು ಮೇಲೆ ಹೋಗುವ ಮೊದಲು ತಿಂಗಳುಗಟ್ಟಲೆ ಅವರ ಊರಿನ ತೇವದಲ್ಲಿ, ಒಳಗಿನ ಸೂಜಿಗಳು ಕರಗುತ್ತ, ಕೂತಿರುತ್ತದೆ. ಹೇಳಿದರೆ ತನ್ನ ಪದವಿ ಹೋಗುತ್ತದೆ. ಮೇಷ್ಟ್ರ ಕೊನೆಯ ನಾಲ್ಕು ವರ್ಷ ಹೋಗುತ್ತದೆ. ಮೂರನೆಯ ಲೋಟದ ನಂತರ.

ಹತ್ತು ಗಂಟೆಗೆ ಹಿರಿಯ ಎಂಜಿನಿಯರ್ ತಾಂಗ್ ಬಂದರು. ಕಾರ್ಖಾನೆಯ ಪರವಾಗಿ ಬಂದವರು, ದಪ್ಪಗೆ, ನಗುಮುಖ, ಎರಡು ಟೋಪಿ ಒಂದರ ಮೇಲೊಂದು. ಕಾಲೇಜಿನಲ್ಲಿ ಷಾವ್ ಅವರಿಗಿಂತ ಮೂರು ವರ್ಷ ಕಿರಿಯರಂತೆ.

"ಷಾವಣ್ಣಾ, ನಿಮ್ಮೂರಲ್ಲಿ ಮನುಷ್ಯರು ಯಾಕಿರ್ತಾರೆ? ನಿಲ್ದಾಣದಿಂದ ಇಲ್ಲಿಗೆ ಬರೋದ್ರೊಳಗೆ ಮೂಗಿದೆಯಾ ಅಂತ ಎರಡು ಸಲ ಮುಟ್ಟಿ ನೋಡ್ಕೊಂಡೆ."

"ನಿಮ್ಮೂರಲ್ಲಿ ಗೋಡೆ ಬೆವರುತ್ತಲ್ಲಯ್ಯಾ, ಚಪ್ಪಲಿ ಒಳಗೆ ಅಣಬೆ ಏಳುತ್ತೆ. ಕೂತ್ಕೋ. ಮೊದಲು ಇದನ್ನ ನೋಡು." ಮೇಷ್ಟ್ರು ಎಂದಿನಂತೆ ಬಾಟಲಿ ಎತ್ತಿ ತಟ್ಟೆಯನ್ನು ತೋರಿಸಿದರು, ಮೊಮ್ಮಗುವಿನ ಫೋಟೋ ತೋರಿಸುವವರ ಹಾಗೆ. ತೋರಿಸಿ ಮತ್ತೆ ಬಾಟಲಿಯನ್ನು ಅದರ ಮೇಲಿಟ್ಟು, ಮಾತಿನ ಭರದಲ್ಲಿ ಫ್ಲಾಸ್ಕಿನಿಂದ ಕುದಿನೀರು ಸುರಿದರು. ಬಾಟಲಿ ತುಂಬಿ ನೀರು ತಟ್ಟೆಯ ಮೇಲೆಲ್ಲ ಹರಿಯಿತು. ಉಗಿ ಎದ್ದಿತು. ನಿಂಗ್ ಉಸಿರು ಬಿಗಿಹಿಡಿದ, ತಾನು ಉಸಿರಾಡದಿದ್ದರೆ ಬೇರೆಯವರಿಗೂ ವಾಸನೆ ಬರಲಾರದು ಎನ್ನುವಂತೆ.

ತಾಂಗ್ ಮೂಗು ಅರಳಿಸಿದರು. ತಟ್ಟೆಯ ಕಡೆಗೆ ಸ್ವಲ್ಪ ಬಾಗಿದರು. "ಏನೋ ಬೆಳ್ಳುಳ್ಳಿ ವಾಸನೆ ಇದ್ದಹಾಗಿದೆಯಲ್ಲ."

"ನಂದು," ಎಂದ ನಿಂಗ್. ನಾಲಗೆ ಅವನನ್ನು ಕೇಳದೆ ಆಡಿತ್ತು. "ಕ್ಷಮಿಸಿ. ಅತ್ತೆ ಹಬ್ಬಕ್ಕೆ ವಿನೆಗರ್‌ನಲ್ಲಿ ಹಾಕಿದ್ದ ಬೆಳ್ಳುಳ್ಳಿ ಉಳಿದಿತ್ತು. ಬೆಳಿಗ್ಗೆ ತಿಂದ್ಬಿಟ್ಟೆ."

"ಅತಿಥಿ ಬರೋ ದಿನ ಬೆಳ್ಳುಳ್ಳಿ ತಿಂತಾರೇನಯ್ಯಾ?" ಮೇಷ್ಟ್ರಿಗೆ ನಿಜವಾಗಿ ಬೇಸರವಾಗಿತ್ತು. "ಎಷ್ಟು ತಿಂದೆ?"

"ಅರ್ಧ ಜಾಡಿ." ಸುಳ್ಳಿಗೆ ಅಳತೆ ಕೇಳಿದರೆ ವಿಜ್ಞಾನಿಯಾದವನು ಕೊಡಲೇಬೇಕು.

"ಹೋಗು, ಆ ಕಿಟಕಿ ಹತ್ರ ನಿಂತ್ಕೋ. ಈ ಕಡೆ ತಿರುಗಿ ಮಾತಾಡ್ಬೇಡ. ದೂ ಲಾನ್, ಇವನ ಬದಲು ನೀನೇ ಹೇಳಿಬಿಡಮ್ಮ."

ಹೀಗೆ ನಿಂಗ್ ತನ್ನದೇ ಸಂಶೋಧನೆಗೆ ಬೆನ್ನು ಮಾಡಿ, ಹೆಪ್ಪುಗಟ್ಟಿದ ಕಿಟಕಿಗೆ ಮುಖ ಮಾಡಿ ನಿಂತ. ಮಂಡಿಗೆ ತಾಕುತ್ತಿದ್ದ ಬಿಸಿಕೊಳವೆ ಉಣ್ಣೆಯ ಚಲ್ಲಣವನ್ನು ಕಾಯಿಸಿತು. ತೊಡೆಯಿಡೀ ಸೂಜಿ ಸೂಜಿ. ಕೆರೆದುಕೊಳ್ಳುವಂತಿಲ್ಲ. ಬೆಳಿಗ್ಗೆ ತಿಂದದ್ದು ನವಣೆಯ ಗಂಜಿ, ಸಪ್ಪೆ, ಉಪ್ಪೂ ಕಡಿಮೆ. ಮೊದಲಿಗೆ ಒಂದು ಬಗೆಯ ಖುಷಿಯಾಗಿತ್ತು. ಎಷ್ಟು ಚುರುಕಾಗಿ ಪಾರಾದೆ ಎಂಬ, ಹುಡುಗರಿಗೆ ಆಗುವಂಥ ಖುಷಿ. ಅವನಿಗೆ ಏಳು ವರ್ಷವಿದ್ದಾಗ ತಂದೆ ಬಚ್ಚಿಟ್ಟಿದ್ದ ಮದ್ಯ ಕುಡಿದು, ಬೆಕ್ಕು ಚೆಲ್ಲಿತು ಎಂದು ಹೇಳಿ, ಬೆಕ್ಕು ಪೆಟ್ಟು ತಿನ್ನುವುದನ್ನು ನೋಡುತ್ತ ನಿಂತಿದ್ದ. ಬೆಕ್ಕು ಅವನನ್ನೇ ನೋಡುತ್ತಿತ್ತು. ಹಿಂದಿನಿಂದ, ಪರದೆಯ ಮೇಲೆ ಬೆಸುಗೆಯ ಚಿತ್ರಗಳನ್ನು ತೋರಿಸುತ್ತಿದ್ದ ದೂ ಲಾನ್‌ಳ ದನಿ ಬರುತ್ತಿತ್ತು, ಸ್ಪಷ್ಟವಾಗಿ, ತಡವರಿಸದೆ. ಅವನ ಕೆಲಸವನ್ನು ಅವನಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಇಲ್ಲಿ ನೋಡಿ, ಹರಳಿನ ಅಂಚು ಪೂರ್ತಿ ಉಳಿದಿದೆ. ಇಲ್ಲಿ ನೋಡಿ, ಸೂಜಿಗಳಿಲ್ಲ. ಅವಳ ದನಿಯಲ್ಲಿ ಅಸೂಯೆಯಿರಬಹುದೇ ಎಂದು ಅವನು ಕಿವಿಗೊಟ್ಟು ಹುಡುಕಿದ. ಇದ್ದಿದ್ದರೆ ಎಷ್ಟು ಹಗುರಾಗುತ್ತಿತ್ತು.

"ನೀನೂ ಏನೋ ಮಾಡಿದ್ದೀಯಂತಲ್ಲಮ್ಮ, ಟೈಟಾನಿಯಂ ಹಾಕಿ?" ತಾಂಗ್ ಕೇಳಿದರು.

"ಮಾಡಿದ್ದೆ. ಅದೇನೂ ಅಂಥಾದ್ದಲ್ಲ. ಅಣ್ಣನದಕ್ಕೆ ಹೋಲಿಸೋಕೆ ಅಂತ ಮಾಡಿದ್ದು. ಹೋದ ವಾರ ನಿಲ್ಲಿಸಿಬಿಟ್ಟೆ."

ನಿಲ್ಲಿಸಿಬಿಟ್ಟೆ. ಕಿಟಕಿಯ ಹಿಮದ ಮೇಲೆ ನಿಂಗ್‌ನ ಉಸಿರು ಒಂದು ದುಂಡನೆಯ ತೂತು ಕೊರೆದಿತ್ತು. ತೂತಿನಾಚೆ ಅಂಗಳದಲ್ಲಿ ಯಾರೋ ಸೈಕಲ್ಲನ್ನು ತಳ್ಳಿಕೊಂಡು, ಜಾರದಂತೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದರು. ಸಂಜೆಯ ಮೂರನೆಯ ಲೋಟ ಎಷ್ಟು ದೂರವಿದೆ ಎಂದು ಅವನಿಗೆ ಒಮ್ಮೆಲೇ ಕಂಡಿತು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನು ನಾಲ್ಕನೆಯದು ಎಂದುಕೊಳ್ಳುತ್ತಾನೆ. ಆಮೇಲೆ ನಾಳೆ ಎಂದುಕೊಳ್ಳುತ್ತಾನೆ.

"ನಾನು ಬೆಳ್ಳುಳ್ಳಿ ತಿಂದಿಲ್ಲ," ಎಂದ, ಕಿಟಕಿಗೆ.

ಯಾರಿಗೂ ಕೇಳಿಸಲಿಲ್ಲ. ಅವನು ತಿರುಗಿದ. "ಮೇಷ್ಟ್ರೇ, ನಾನು ಬೆಳ್ಳುಳ್ಳಿ ತಿಂದಿಲ್ಲ. ಗಂಜಿ ತಿಂದು ಬಂದದ್ದು."

"ಸರಿ ಬಿಡಯ್ಯಾ, ಅದಕ್ಕೇನೀಗ? ಆ ಕಡೆ ತಿರುಗು."

"ವಾಸನೆ ತಟ್ಟೇದು. ಬೆಸುಗೇದು. ಸೂಜಿಗಳಿವೆ. ಮೊದಲಿಂದಲೂ ಇದ್ದವು. ನಾವು ಪಾಲಿಶ್‌ಗೆ ನೀರು ಹಾಕ್ತೀವಲ್ಲ, ನೀರಲ್ಲಿ ಅವು ಹೊರಟುಹೋಗ್ತವೆ. ಗುಳಿ ಅಂತ ನಾನು ಹೇಳ್ತಿದ್ದದ್ದು ಅವು ಇದ್ದ ಜಾಗ. ನಾನು ಸೀಮೆಎಣ್ಣೆ ಹಾಕಿ ನೋಡ್ದೆ." ಒಂದು ಸಲ ಬಾಯಿ ತೆರೆದ ಮೇಲೆ ಅದು ನಿಲ್ಲುವಂತೆ ಕಾಣಲಿಲ್ಲ. "ದೂ ಲಾನ್‌ದನ್ನೂ ನೋಡ್ದೆ. ಅವಳದ್ರಲ್ಲಿ ಇಲ್ಲ. ನಿಜವಾಗ್ಲೂ ಇಲ್ಲ. ಹತ್ತು ದಿನ ಆಯ್ತು."

ದೂ ಲಾನ್‌ಳ ಕೈಯಲ್ಲಿದ್ದ ಕೋಲು ಇನ್ನೂ ಪರದೆಯ ಮೇಲಿನ ಗುಳಿಯೊಂದನ್ನು ತೋರಿಸುತ್ತಿತ್ತು. ಅವಳು ಅದನ್ನು ಇಳಿಸಿದಳು. "ಹತ್ತು ದಿನ," ಎಂದಳು. "ಹೋದ ಬುಧವಾರ ನಾನು ನಿಮ್ಮನ್ನೇ ಕೇಳಿದೆ, ನಿಲ್ಲಿಸಿಬಿಡ್ಲಾ ಅಂತ. ನಿಮ್ಮಿಷ್ಟ ಅಂದ್ರಿ."

"ಹೌದು."

"ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ರಿ."

"ಹೌದು."

ನಿಂಗ್‌ಗೆ ಮೇಷ್ಟ್ರ ಮುಖ ನೋಡಲಾಗಲಿಲ್ಲ. ಅವರ ಕೈಗಳನ್ನು ನೋಡಿದ. ಬಲಗೈ ಬಾಟಲಿಯನ್ನು ತಟ್ಟೆಯ ಮೇಲಿಂದ ಎತ್ತಿ, ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡಿತ್ತು. ಕೊನೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡರು. ತಟ್ಟೆಯನ್ನು ಎತ್ತಿ ಮೂಸಿದರು. ಹೆಬ್ಬೆರಳಿನಿಂದ ಬೆಸುಗೆಯನ್ನು ತೀಡಿದರು, ಉಗುರಿನ ಸಂದಿಗೆ ಬಂದ ಬಿಳಿ ಪುಡಿಯನ್ನು ಬಹಳ ಹೊತ್ತು ನೋಡಿದರು.

"ದಿನಾ ನೀನು ನನಗಿಂತ ಮೊದಲು ಬರ್ತಿದ್ದೆ," ಎಂದರು. "ನಾನು ಹೋಗೋ ಕಾಲ ಬಂತಲ್ಲ, ಅದಕ್ಕೆ ಹುಡುಗನಿಗೆ ಪ್ರೀತಿ ಹೆಚ್ಚಾಗಿದೆ ಅಂತ ಮನೇಲಿ ಹೇಳಿದ್ದೆ." ಆಮೇಲೆ, "ನೀರು ಹಾಕು ಅಂದದ್ದು ನಾನು," ಎಂದರು. "ಅದನ್ನೂ ಹೇಳು. ನಿನ್ನದೊಂದೇ ಯಾಕೆ ಹೇಳ್ತೀಯ?"

ತಾಂಗ್ ಮೇಲಿನ ಟೋಪಿಯನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡರು, ಕೆಳಗಿನದು ತಲೆಯ ಮೇಲೇ ಇತ್ತು. "ಷಾವಣ್ಣಾ, ಬೈಕೋಬೇಡಿ. ನಾನು ಸಂಜೆ ಎರಡು ಲೋಟ ಆದ್ಮೇಲೆ ಕೇಳೋಣ ಅಂತಿದ್ದೆ. ಎರಡರಲ್ಲಿ ಧೈರ್ಯ ಬರದಿದ್ರೆ ಮೂರು." ಚೀಲದೊಳಗೆ ಕೈ ಹಾಕಿ, ಬನಿಯನ್ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪಟ್ಟಿಯನ್ನು ತೆಗೆದರು. ಎಳೆತದ ಪರೀಕ್ಷೆಗೆಂದು ಸೊಂಟ ಸಣ್ಣಗೆ ಕತ್ತರಿಸಿದ, ನಡುವೆ ಬೆಸುಗೆಯಿದ್ದ ಪಟ್ಟಿ. "ನವೆಂಬರಿನಲ್ಲಿ ನೀವು ನಮಗೆ ಕಳಿಸಿದ ಮಾದರಿ. ಉಗ್ರಾಣದಲ್ಲಿ ಸುಮ್ಮನೆ ಇಟ್ಟಿದ್ದೆವು. ಮೈಮೇಲೆ ಏನೋ ಬೆಳೀತು. ನಮ್ಮೂರಲ್ಲಿ ಎಲ್ಲದರ ಮೇಲೂ ಏನೋ ಬೆಳೆಯುತ್ತೆ, ಆದ್ರೆ ಲೋಹದ ಮೇಲೆ ಯಾಕೆ ಅಂತ."

"ಎಳೆದು ನೋಡಿಲ್ವಾ?" ಮೇಷ್ಟ್ರು ಕೇಳಿದರು.

"ನಿಮ್ಮ ಕೆಲಸವನ್ನ ನಿಮ್ಮನ್ನ ಬಿಟ್ಟು ಎಳೆಯೋದು ಹೇಗೆ?"

ನಾಲ್ವರೂ ಕೆಳಗಿನ ಮಹಡಿಗೆ ಇಳಿದರು. ಮೆಟ್ಟಿಲುಗಳಲ್ಲಿ ದೂ ಲಾನ್ ಎಲ್ಲರಿಗಿಂತ ಮುಂದೆ, ನಿಂಗ್ ಎಲ್ಲರಿಗಿಂತ ಹಿಂದೆ. ಈಗ ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಅವನು ತೊಡೆಯನ್ನು ಕೆರೆದುಕೊಂಡ. ಅಷ್ಟು ಸುಖ ಅವನಿಗೆ ಬಹಳ ದಿನಗಳಿಂದ ಸಿಕ್ಕಿರಲಿಲ್ಲ. ಪದವಿ ಹೋಯಿತೇ, ಇನ್ನೊಂದು ವರ್ಷವೇ, ಎರಡೇ, ಹೆಂಡತಿಗೆ ಏನು ಹೇಳುವುದು, ಯಾವುದೂ ಇನ್ನೂ ಮುಖಕ್ಕೆ ಬಂದಿರಲಿಲ್ಲ; ಬರುತ್ತವೆ ಎಂದು ಗೊತ್ತಿತ್ತು. ಯಂತ್ರದ ಹಿಡಿಗಳಿಗೆ ಪಟ್ಟಿಯನ್ನು ಸಿಕ್ಕಿಸಲು ಅವನು ಮುಂದೆ ಬಂದಾಗ ದೂ ಲಾನ್ ಅದನ್ನು ಅವನ ಕೈಯಿಂದ ತೆಗೆದುಕೊಂಡು, "ನೀವು ಬಿಡಿ, ಓರೆ ಸಿಕ್ಕಿಸ್ತೀರಿ," ಎಂದು ತಾನೇ ನೆಟ್ಟಗೆ ಸಿಕ್ಕಿಸಿದಳು. ಅವಳು ಮತ್ತೆ ಬೈಯತೊಡಗಿದ್ದು ಅವನಿಗೆ ಒಳ್ಳೆಯ ಸೂಚನೆಯಂತೆ ಕಂಡಿತು. ಹಾಗೆ ಕಾಣುವ ಹಕ್ಕು ತನಗಿಲ್ಲವೆಂದೂ ಹೊಳೆಯಿತು.

ಯಂತ್ರ ಎಳೆಯತೊಡಗಿತು. ೨೪೧ ಎಂಬ ಸಂಖ್ಯೆ ನಾಲ್ವರಿಗೂ ಗೊತ್ತಿತ್ತು. ಬೆಸುಗೆ ಬಿಟ್ಟುಕೊಟ್ಟಾಗ ಆದ ಸದ್ದು ಬಹಳ ಸಣ್ಣದು. ಯಾವಾಗಲೂ ಅಂಕಿ ಓದುವುದು ಶಿಷ್ಯರ ಕೆಲಸ. ನಿಂಗ್ ಬಾಗಬೇಕೆನ್ನುವಷ್ಟರಲ್ಲಿ ಷಾವ್ ಅವರು ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮುಖ ತಾಗುವಷ್ಟು ಹತ್ತಿರ ಬಾಗಿ, ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳಿಸುವಂತೆ ಓದುವ ದನಿಯಲ್ಲಿ ಓದಿದರು: ಐವತ್ತೆಂಟು ಪಾಯಿಂಟ್ ಆರು ಮೆಗಾಪಾಸ್ಕಲ್.